ಓಬಕ್ಕನ ಮನೆ ಟಾಕೀಸು

ಓಬಕ್ಕ ನೋಡಿದಷ್ಟು ಪಿಕ್ಚರುಗಳನ್ನು ಹರಿಹರದಲ್ಲಿ ಇನ್ನೊಬ್ಬ ಹೆಂಗಸು ನೋಡಿರಲಿಕ್ಕಿಲ್ಲ. ಅದೂ ಒಂದು ರೂಪಾಯಿ ಬಿಚ್ಚದೆ. ಗಂಡ ಪಾಲಯ್ಯ ಮೊದಲು ಮಲೆಬೆನ್ನೂರಿನ ಟೂರಿಂಗ್ ಟಾಕೀಸಿನಲ್ಲಿ, ಆಮೇಲೆ ಹರಿಹರದ ಟಾಕೀಸೊಂದರಲ್ಲಿ ಆಪರೇಟರ್ ಆಗಿದ್ದ. ಅವಳನ್ನು ಕಂಡರೆ ಗೇಟಿನವನು ತಾನಾಗಿ ಪಕ್ಕಕ್ಕೆ ಸರಿಯುತ್ತಿದ್ದ. ಓಣಿಯ ಹೆಂಗಸರು ಇದನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದರು. ಅವರಿಗೇನು ಗೊತ್ತು? ಅವರೆಲ್ಲ ತಮ್ಮ ತಮ್ಮ ಗಂಡಂದಿರ ಪಕ್ಕ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದರು. ಆಪರೇಟರನ ಹೆಂಡತಿ ಮಾತ್ರ ಒಬ್ಬಳೇ ಕೂರುತ್ತಿದ್ದಳು. ಅವಳ ಗಂಡ ಮೇಲೆ ಕ್ಯಾಬಿನ್ನಿನಲ್ಲಿ, ಗೋಡೆಯ ಕಿಂಡಿಯ ಹಿಂದೆ, ಮಿಶಿನ್ನಿನ ಜೊತೆ ಇರುತ್ತಿದ್ದ.

ಮದುವೆಯಾಗಿ ನಲವತ್ತೆರಡು ವರ್ಷವಾಯಿತು. ಒಂದೇ ಒಂದು ಪಿಕ್ಚರನ್ನು, ಹೆಸರು ಬೀಳುವಲ್ಲಿಂದ ಶುಭಂ ಬೀಳುವವರೆಗೆ, ಗಂಡನ ಪಕ್ಕದಲ್ಲಿ ಕೂತು ನೋಡಬೇಕು ಅಂತ ಓಬಕ್ಕನಿಗೆ ಆಸೆ. ಚಿನ್ನ ಕೇಳಲಿಲ್ಲ, ರೇಷ್ಮೆ ಕೇಳಲಿಲ್ಲ, ಕೇಳಿದ್ದು ಇದೊಂದನ್ನೇ. ಅದೂ ಬಾಯಿಬಿಟ್ಟು ಕೇಳಿದವಳಲ್ಲ, ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು.

ಟಾಕೀಸು ಮುಚ್ಚಿ ಪಾಲಯ್ಯ ಮನೆಯಲ್ಲಿ ಕೂತ ಮೇಲಾದರೂ ಆಸೆ ಕೈಗೂಡಬಹುದು ಎಂದುಕೊಂಡಳು. ಮಗ ಅಶ್ವಥ್ ಒಮ್ಮೆ ಇಬ್ಬರನ್ನೂ ದಾವಣಗೆರೆಯ ದೊಡ್ಡ ಥಿಯೇಟರಿಗೆ ಕರೆದುಕೊಂಡು ಹೋದ. ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ. ಹೆಸರು ಬೀಳುತ್ತಿದ್ದ ಹಾಗೆ ಪಾಲಯ್ಯ "ಒಂದ್ನಿಮಿಷ, ಬಂದೆ" ಎಂದು ಎದ್ದು ಹೋದವನು ಮರಳಿ ಬಂದದ್ದು ಜನ ಚಪ್ಪಲಿ ಹುಡುಕುವ ಹೊತ್ತಿಗೆ. ಕ್ಯಾಬಿನ್ ಎಲ್ಲಿದೆ ಅಂತ ಹುಡುಕಿಕೊಂಡು ಹೋಗಿ, ಅಲ್ಲಿದ್ದವನ ಜೊತೆ ಎರಡು ಗಂಟೆ ಮಾತಾಡುತ್ತ ಕೂತಿದ್ದನಂತೆ. ವಾಪಸ್ ಬರುವಾಗ ಬಸ್ಸಿನಲ್ಲಿ ಓಬಕ್ಕ ಗಂಡನನ್ನು ಬಿಟ್ಟು ಮಗನ ಪಕ್ಕ ಹೋಗಿ ಕೂತಳು. ಈಗಂತೂ ಅವನಿಗೆ ಮೊಣಕಾಲು ನೋವು, ಥಿಯೇಟರಿನ ಮೆಟ್ಟಿಲು ಹತ್ತುವ ಮಾತೇ ಇಲ್ಲ.

ಹಾಗಾಗಿ ಒಂದು ದಿನ, ಖಡಕ್ ರೊಟ್ಟಿ ತಟ್ಟಿ ಅಂಗಡಿಗಳಿಗೆ ಕೊಟ್ಟು ಕೂಡಿಸಿದ ಹಣವನ್ನು ಅಶ್ವಥನ ಕೈಗೆ ಹಾಕಿದಳು.

"ಹದಿನೈದು ಸಾವಿರ ಐತೆ. ಇಷ್ಟರಾಗ ಮನಿಯಾಗ ಒಂದು ಟಾಕೀಸ್ ಆಗಬೇಕು. ಹೆಂಗೆ ಮಾಡ್ತೀಯೋ ನಂಗೊತ್ತಿಲ್ಲ. ನಿಮ್ಮಪ್ಪ ನನ್ನ ಪಕ್ಕ ಕುಂತು ಒಂದು ಪಿಕ್ಚರ್ ಪೂರ್ತಿ ನೋಡಬೇಕು."

"ಅಪ್ಪನ್ನ ಕೂರಿಸಾಕ ಒಂದು ಹಗ್ಗ ತಂದ್ರೆ ಸಾಕಲ್ಲವ್ವ, ಇಷ್ಟು ರೊಕ್ಕ ಯಾಕ?" ಎಂದ ಮಗ.

ನಗಾಡಿದನೇ ಹೊರತು ಅಶ್ವಥ್ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಮಿಶಿನ್ ನೋಡಿಕೊಳ್ಳುವವನು, ಮಿಶಿನ್ನಿನ ಮಾತು ಬಂದರೆ ಅಪ್ಪನಂತೆಯೇ ಊಟ ಮರೆಯುವವನು. ಮೂರು ವಾರ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ತಲೆ ಕೆಡಿಸಿಕೊಂಡ. ಮನೆಯಲ್ಲಿ ನಲವತ್ತಮೂರು ಇಂಚಿನ ಟಿವಿ ಹೇಗೂ ಇತ್ತು. ಪಾಲಯ್ಯ ತಾನು ಓಡಿಸಿದ್ದ ಹಳೇ ಪಿಕ್ಚರುಗಳ ಡಿವಿಡಿಗಳನ್ನೆಲ್ಲ ಕೊಂಡು ಒಂದು ಟ್ರಂಕು ತುಂಬಿಸಿದ್ದ. ಪ್ಲೇಯರ್ ಕೆಟ್ಟು, ರಿಪೇರಿ ಮಾಡುವವರೂ ಇಲ್ಲದೆ, ಟ್ರಂಕು ಮಂಚದ ಕೆಳಗೆ ಸೇರಿತ್ತು. ಅವನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ಇಳಿಸುವುದು, ಅದನ್ನು ಟಿವಿಗೆ ಕೊಡಲು ಒಂದು ಕಂಪ್ಯೂಟರ್, ಜೊತೆಗೆ ಒಳ್ಳೆಯ ಸ್ಪೀಕರು. ಇದು ಅಶ್ವಥನ ಲೆಕ್ಕಾಚಾರ.

ಒಂದು ಶನಿವಾರ, ಅಶ್ವಥನ ವಾರದ ರಜೆ ದಿನ, ತಾಯಿ ಮಗ ದಾವಣಗೆರೆಗೆ ಹೋದರು. ಹಳೇ ಕಂಪ್ಯೂಟರುಗಳನ್ನು ಕೊಂಡು, ಸರಿಮಾಡಿ ಮಾರುವ ಅಬ್ರಾರನ ಅಂಗಡಿ ಒಂದು ಗಲ್ಲಿಯೊಳಗಿತ್ತು. ಮನುಷ್ಯ ತೆಳ್ಳಗೆ, ಮಾತು ದಪ್ಪ.

"ಬರ್ರಿ ಅಮ್ಮಾ, ಕೂಡ್ರಿ" ಎಂದು ಓಬಕ್ಕನಿಗೆ ಸ್ಟೂಲು ಎಳೆದು, ಮೂರು ಸಾಮಾನು ಮುಂದಿಟ್ಟ. ಮೊದಲನೆಯದು ಟಿವಿಯ ಹಿಂದೆ ಸಿಕ್ಕಿಸುವ ಕಡ್ಡಿ. ಅಗ್ಗ, ಆದರೆ ಹಾರ್ಡ್ ಡಿಸ್ಕ್ ಹಾಕಿದರೆ ಏದುಸಿರು ಬಿಡುತ್ತದೆ. ಎರಡನೆಯದು ಯಾವುದೋ ಆಫೀಸಿನಿಂದ ಬಂದ ಕರೀ ಡಬ್ಬ. ಗಟ್ಟಿ ಆಳು, ಆದರೆ ಒಳಗಿನ ಫ್ಯಾನು ಗರಗರ ಎನ್ನುತ್ತದೆ. ಮೂರನೆಯದು ಒಂದು ಹಿಡಿ ಗಾತ್ರದ್ದು, ಫ್ಯಾನೇ ಇಲ್ಲ.

"ಇದು ಬಿಲ್ಕುಲ್ ಸೈಲೆಂಟ್" ಎಂದ ಅಬ್ರಾರ್. "ಮನಿಯಾಗ ಐತೋ ಇಲ್ಲೋ ಅಂತಾನೇ ಗೊತ್ತಾಗಂಗಿಲ್ಲ. ಒಂದು ಕೈ ಓಡಿದ್ದು, ಅದಕ್ಕೇ ಈ ರೇಟು. ಎಂಟು ದಿನದಾಗ ಮನಸ್ಸಿಗೆ ಬರಲಿಲ್ಲ ಅಂದ್ರೆ ವಾಪಸ್ ತರ್ರಿ, ಬೇರೆ ಮಾಲು ಕೊಡ್ತೀನಿ."

ಅಶ್ವಥನ ಮುಖ ಅರಳಿತು. "ಅವ್ವ, ಇದೇ ಸೈ. ಪಿಕ್ಚರ್ ನಡಿವಾಗ ಡೈಲಾಗ್ ಕೇಳಬೇಕು, ಕಂಪ್ಯೂಟರ್ ಅಲ್ಲ."

ಹಿಡಿ ಗಾತ್ರದ ಪೆಟ್ಟಿಗೆ, ಹಾರ್ಡ್ ಡಿಸ್ಕು, ಎರಡು ಸ್ಪೀಕರು ಎಲ್ಲ ಸೇರಿ ಹಣ ಹೆಚ್ಚುಕಡಿಮೆ ಸರಿಹೋಯಿತು. ಜೊತೆಗೆ ತಂದಿದ್ದ ಒಂದಷ್ಟು ಡಿವಿಡಿಗಳನ್ನು ಅಬ್ರಾರನೇ ಡಿಸ್ಕಿಗೆ ಇಳಿಸಿಕೊಟ್ಟ. ಮಿಕ್ಕಿದ್ದರಲ್ಲಿ ಬೆಣ್ಣೆ ದೋಸೆ ತಿಂದು ಬಸ್ಸು ಹತ್ತಿದರು.

ಭಾನುವಾರ ಮಧ್ಯಾಹ್ನ ಸೊಸೆ ಶಾಂತಲಾ ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು ಕತ್ತಲು ಮಾಡಿದಳು. ಓಬಕ್ಕ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಬಂದು ಕೂತಳು. ಪಕ್ಕದ ಕುರ್ಚಿಯಲ್ಲಿ ಪಾಲಯ್ಯ. ಟಿವಿಯ ಕೆಳಗೆ ಪೆಟ್ಟಿಗೆ ಉಸಿರೆತ್ತದೆ ಕೂತಿತ್ತು. ಹೆಸರು ಬಿದ್ದವು. ಓಬಕ್ಕನ ಎದೆ ಹಿಗ್ಗಿತು.

ಐದು ನಿಮಿಷವಾಗಿರಲಿಲ್ಲ, ಪಾಲಯ್ಯ ಎದ್ದ. ಟಿವಿ ಹತ್ತಿರ ಹೋಗಿ ಬಗ್ಗಿ, ಪೆಟ್ಟಿಗೆಯನ್ನು ಮುಟ್ಟಿ ನೋಡಿ, ಬಂದು ಕೂತ. ಹತ್ತು ನಿಮಿಷಕ್ಕೆ ಮತ್ತೆ ಎದ್ದ. ಈ ಸಲ ವೈರು ಎಳೆದು ನೋಡಿದ. ಮೂರನೇ ಸಲ ಎದ್ದಾಗ ಓಬಕ್ಕ ತಡೆಯಲಾಗದೆ, "ಏನ್ರೀ ಅದು, ಏನ್ ಕಳಕಂಡೀರಿ ಅಲ್ಲಿ?" ಎಂದಳು.

"ಏನಿಲ್ಲ, ನೀ ನೋಡು. ಯಾಕೋ ಸಮಾಧಾನ ಆಗವಲ್ದು."

ಅರ್ಧ ಪಿಕ್ಚರಿಗೆ ಅವನು ಅಂಗಳದಲ್ಲಿ ಬೀಡಿ ಸೇದುತ್ತ ನಿಂತಿದ್ದ. ಓಬಕ್ಕ ಟಿವಿ ಆರಿಸಿ, ಒಳಗೆ ಹೋಗಿ ಜೋರಾಗಿ ಪಾತ್ರೆ ತಿಕ್ಕಿದಳು. ಅಶ್ವಥ್ ಸ್ಪೀಕರು ಹಿಂದೆ ಮುಂದೆ ಸರಿಸಿದ, ಬಣ್ಣ ಹೆಚ್ಚು ಕಡಿಮೆ ಮಾಡಿದ. ಬುಧವಾರ ಇನ್ನೊಂದು ಪಿಕ್ಚರು ಹಾಕಿದರೂ ಅದೇ ಹಣೆಬರಹ. ಅವಳಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು. ಈ ಮನುಷ್ಯನಿಗೆ ತನ್ನ ಪಕ್ಕ ಕೂರುವುದೇ ಬೇಡವಾಗಿದೆಯೇನೋ ಅನ್ನಿಸಿತು. ನಲವತ್ತೆರಡು ವರ್ಷ ಸಂಸಾರ ಮಾಡಿ ಹೀಗೆ ಅನ್ನಿಸುವುದು ಸಣ್ಣ ನೋವಲ್ಲ.

ಶುಕ್ರವಾರ ರೊಟ್ಟಿಯ ಜೋಳ ಬೀಸಿಸಲು ಗಿರಣಿಗೆ ಹೊರಟಳು. ಕೈಚೀಲ ಹಿಡಿಯಲು ಪಾಲಯ್ಯನೂ ಜೊತೆಗೆ ಬಂದ. ಗಿರಣಿಯೊಳಗೆ ಪಟ್ಟಾ ತಿರುಗುವ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಪಾಲಯ್ಯ ಬೆಂಚಿನ ಮೇಲೆ ಕೂತು, ಗೋಡೆಗೆ ಒರಗಿ, ಎಳೆಮಗುವಿನಂತೆ ನೆಮ್ಮದಿಯಾಗಿ ತೂಕಡಿಸಿದ. ಮುಕ್ಕಾಲು ಗಂಟೆ ಅಲುಗಾಡಲಿಲ್ಲ. ಹಿಟ್ಟು ಮುಗಿದು ಗಿರಣಿಯವನು ಬಟನ್ ಆರಿಸಿದ್ದೇ ತಡ, ಪಾಲಯ್ಯ ದಡಕ್ಕನೆ ಎದ್ದು ನಿಂತು "ಏನಾತು, ಏನಾತು?" ಎಂದ. ಕಣ್ಣು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಕೈಯಾಗಲೇ ಮುಂದೆ ಚಾಚಿತ್ತು.

ಓಬಕ್ಕ ಹಿಟ್ಟಿನ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟಳು. ಟಾಕೀಸಿನಲ್ಲಿ ಮಿಶಿನ್ ಸದ್ದು ನಿಂತರೆ ಏನಾಗುತ್ತಿತ್ತು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರೀಲು ಕಟ್ಟಾಗಿದೆ, ಇಲ್ಲವೇ ಸಿಕ್ಕಿಕೊಂಡಿದೆ ಅಂತ ಅರ್ಥ. ಸಿಕ್ಕಿಕೊಂಡ ರೀಲು ದೀಪದ ಕಾವಿಗೆ ಸುಡುತ್ತಿತ್ತು, ಕೆಳಗೆ ಜನ ಕುರ್ಚಿ ಗುದ್ದಿ ಆಪರೇಟರನ ಅಪ್ಪ ಅಮ್ಮನನ್ನೆಲ್ಲ ಬೈಯುತ್ತಿದ್ದರು. ಅಷ್ಟು ವರ್ಷ ಈ ಮನುಷ್ಯ ನೆಮ್ಮದಿಯಾಗಿ ಉಸಿರಾಡಿದ್ದು ಸದ್ದು ಇದ್ದಾಗ ಮಾತ್ರ. ಅಂಥವನ ಮುಂದೆ ತಾವು ಹುಡುಕಿ ಹುಡುಕಿ ಸದ್ದಿಲ್ಲದ ಪೆಟ್ಟಿಗೆ ತಂದು ಇಟ್ಟಿದ್ದರು. ಅವನಿಗೆ ತನ್ನ ಪಕ್ಕ ಬೇಡವಾಗಿಲ್ಲ ಎಂದು ಗೊತ್ತಾಗಿ ಓಬಕ್ಕನ ಜೀವ ತಣ್ಣಗಾಯಿತು.

ಮಾರನೆಯ ದಿನ ಅಶ್ವಥನನ್ನು ಎಬ್ಬಿಸಿಕೊಂಡು, ಪೆಟ್ಟಿಗೆ ಚೀಲದಲ್ಲಿ ಹಾಕಿಕೊಂಡು ಅಬ್ರಾರನ ಅಂಗಡಿಗೆ ಹೋದಳು.

"ಯಾಕಮ್ಮಾ, ಕೆಟ್ಟೋತಾ?"

"ಕೆಟ್ಟಿಲ್ಲಪ್ಪ. ಸದ್ದು ಮಾಡವಲ್ದು. ನಿನ್ನತ್ರ ಚೆನ್ನಾಗಿ ಸದ್ದು ಮಾಡೋದು ಯಾವುದೈತೆ, ತೋರ್ಸು."

ಅಬ್ರಾರ್ ಅಶ್ವಥನ ಮುಖ ನೋಡಿದ. ಅಶ್ವಥ್ ಬೀದಿ ಕಡೆ ನೋಡಿದ. ಹದಿನಾಲ್ಕು ವರ್ಷದ ವ್ಯಾಪಾರದಲ್ಲಿ ಫ್ಯಾನು ಸದ್ದು ಮಾಡುತ್ತದೆ ಅಂತ ಜಗಳಕ್ಕೆ ಬಂದವರೇ ಎಲ್ಲ. ಸದ್ದು ಸಾಲದು ಅಂತ ಬಂದ ಗಿರಾಕಿ ಇವಳೊಬ್ಬಳೇ.

ಓಬಕ್ಕ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದಳು. ಅಬ್ರಾರ್ ಒಂದೊಂದೇ ಡಬ್ಬ ಚಾಲೂ ಮಾಡಿದ. ಒಂದು ಸೊಳ್ಳೆಯಂತೆ ಗುಯ್ ಎಂದಿತು, ಬೇಡ ಎಂದಳು. ಇನ್ನೊಂದು ಒಮ್ಮೆ ಕೂಗಿ ಒಮ್ಮೆ ಸುಮ್ಮನಾಗುತ್ತಿತ್ತು. "ಇದು ಬ್ಯಾಡವೇ ಬ್ಯಾಡ, ನಡುನಡುವೆ ನಿಂತ್ರೆ ಗಾಬರಿ ಬೀಳ್ತಾರೆ" ಎಂದಳು. ಕೊನೆಗೆ, ಮೊದಲ ಸಲ ಬಂದಾಗ ಅಶ್ವಥ್ ಮೂಗು ಮುರಿದಿದ್ದ ಆಫೀಸಿನ ಕರೀ ಡಬ್ಬ ಗರಗರ ಎಂದು ಒಂದೇ ಸಮನೆ ತಿರುಗತೊಡಗಿತು. ಓಬಕ್ಕ ಬಹಳ ಹೊತ್ತು ಕಿವಿಗೊಟ್ಟಳು. ತಲೆಯಾಡಿಸಿದಳು.

"ಒಳಗ ಧೂಳು ಕುಂತೈತಿ ಅಮ್ಮಾ. ಕ್ಲೀನ್ ಮಾಡಿ ಒಂದ್ಹನಿ ಎಣ್ಣೆ ಬಿಟ್ರೆ ಸದ್ದು ಅರ್ಧ ಆಗ್ತದೆ."

"ಧೂಳು ಬೇಕಾದ್ರೆ ಒರೆಸಪ್ಪ. ಎಣ್ಣೆ ಬಿಟ್ರೆ ನೋಡು ಮತ್ತೆ."

"ಕರೆಂಟ್ ಜಾಸ್ತಿ ತಿಂತದವ್ವ" ಎಂದು ಅಶ್ವಥ್ ಗೊಣಗಿದ. "ಕಾರ್ಖಾನಿಯಾಗ ಯಾರಿಗಾದ್ರೂ ಹೇಳಿದ್ರೆ ನಗ್ತಾರೆ."

"ನಗಲಿ ಬಿಡು, ನಗೋದಕ್ಕೇನು ರೊಕ್ಕ ಕೊಡಬೇಕಾ?"

ಡಬ್ಬದ ಬೆಲೆ ಕಡಿಮೆಯಾದ್ದರಿಂದ ಅಬ್ರಾರ್ ಮಿಕ್ಕ ಹಣಕ್ಕೆ ಹತ್ತು ಮೀಟರ್ ಕೇಬಲ್ಲನ್ನೂ ಒಂದು ಒಳ್ಳೆಯ ಕೀಲಿಮಣೆಯನ್ನೂ ಕೊಟ್ಟ. ಉದ್ದ ಕೇಬಲ್ ಕೇಳಿದ್ದು ಓಬಕ್ಕನೇ. ಡಬ್ಬ ಇರಬೇಕಾದ ಜಾಗ ಯಾವುದು ಅಂತ ದಾರಿಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದಳು.

ಭಾನುವಾರ ಮಧ್ಯಾಹ್ನ ಮತ್ತೆ ಕಂಬಳಿ ಇಳಿಬಿಟ್ಟರು. ಕರೀ ಡಬ್ಬ ಟಿವಿಯ ಕೆಳಗಿರಲಿಲ್ಲ. ಪಾಲಯ್ಯನ ಕುರ್ಚಿಯ ಬಲಕ್ಕೆ, ಕೈಗೆಟುಕುವ ಹಾಗೆ, ಸ್ಟೂಲಿನ ಮೇಲಿತ್ತು. ಎಡಕ್ಕೆ ಓಬಕ್ಕ. ಅಶ್ವಥ್ ಬಟನ್ ಒತ್ತಿ, ಹೆಂಡತಿಯನ್ನು ಕರೆದುಕೊಂಡು ಹೊರಗೆ ಹೋದ.

ಡಬ್ಬ ಗರಗರ ಎಂದಿತು. ಪಾಲಯ್ಯ ಅದರ ಕಡೆ ತಿರುಗಿ ನೋಡಿದ. ಬಲಗೈಯನ್ನು ಅದರ ಮೇಲಿಟ್ಟ. ಅದು ಬೆಚ್ಚಗೆ ನಡುಗುತ್ತಿತ್ತು. ಅವನ ಹೆಗಲು ಕೆಳಗಿಳಿದದ್ದನ್ನು, ಬೆನ್ನು ಕುರ್ಚಿಗೆ ತಾಗಿದ್ದನ್ನು ಓಬಕ್ಕ ಓರೆಗಣ್ಣಿನಲ್ಲಿ ನೋಡಿದಳು. ಹತ್ತು ನಿಮಿಷ ಕಳೆಯಿತು, ಅರ್ಧ ಗಂಟೆ ಕಳೆಯಿತು. ಇಂಟರ್‌ವಲ್ ಎಂದು ಬಂದಾಗಲೂ ಪಾಲಯ್ಯ ಏಳಲಿಲ್ಲ. ಅವಳಿಗೆ ಪಿಕ್ಚರಿನ ಮೇಲೆ ಗಮನವೇ ಇರಲಿಲ್ಲ. ಒಂದು ಕಣ್ಣು ಟಿವಿಯ ಮೇಲೆ, ಒಂದು ಕಣ್ಣು ಗಂಡನ ಮೊಣಕಾಲಿನ ಮೇಲೆ, ಎಲ್ಲಿ ಎದ್ದುಬಿಡುತ್ತಾನೋ ಅಂತ.

ಅಕ್ಕ ತಮ್ಮನ ಕತೆ ಅದು. ಕೂಲಿ ಮಾಡಿ ತಮ್ಮನನ್ನು ಸಾಕಿದ ಅಕ್ಕ, ಅವನ ಮದುವೆಯಲ್ಲಿ ಎಲ್ಲರಿಗೂ ಬಡಿಸಿ, ತಾನು ಎಲೆಯ ಮುಂದೆ ಕೂರದೆ ಹಿಂಬಾಗಿಲಿನಿಂದ ಹೊರಟು ಹೋಗುತ್ತಾಳೆ. ಹರಿಹರದಲ್ಲಿ ಏಳು ವಾರ ಓಡಿದ ಪಿಕ್ಚರು. ಓಬಕ್ಕ ಆಗ ಎಷ್ಟು ಸಲ ನೋಡಿದ್ದಳೋ, ಅಷ್ಟು ಸಲವೂ ಅಲ್ಲಿಗೆ ಬಂದಾಗ ಅತ್ತಿದ್ದಳು. ಈಗಲೂ ಸೆರಗಿಗೆ ಕೈ ಹೋಯಿತು. ಅಷ್ಟರಲ್ಲಿ ಪಕ್ಕದಿಂದ ಮೂಗು ಎಳೆದುಕೊಂಡ ಸದ್ದು ಕೇಳಿತು.

"ಅಲ್ಲೇ, ಉಣ್ಣದಂಗೆ ಯಾಕ ಹೋಗ್ತಾಳೆ ಆಕಿ?" ಎಂದ ಪಾಲಯ್ಯ.

ಓಬಕ್ಕ ದಂಗಾದಳು. "ಏಳು ವಾರ ನೀವೇ ಓಡ್ಸೀರಿ. ಕತಿ ಗೊತ್ತಿಲ್ಲೇನು ನಿಮಗ?"

"ನಂಗೆಲ್ಲಿ ಗೊತ್ತು? ಇಲ್ಲಿಗೆ ರೀಲು ಬದ್ಲಿ ಮಾಡಬೇಕಿತ್ತು. ಪರದಿ ಮೂಲಿಯಾಗ ರೀಲು ಮುಗೀತು ಅನ್ನೋ ಚುಕ್ಕಿ ಬರೋದನ್ನ ಕಾಯ್ಕಂತ ನಿಂತಿರ್ತಿದ್ದೆ. ಬದ್ಲಿ ಮಾಡಿ ಕಿಂಡಿಯಾಗ ಬಗ್ಗಿ ನೋಡಿದ್ರೆ, ಕೆಳಗ ನೀ ಸೆರಗಿನಾಗ ಕಣ್ಣು ಒರೆಸ್ಕಂತ ಕುಂತಿರ್ತಿದ್ದಿ. ಮನಿಯಾಗ ನಾ ಏನರ ಅಂದೆನೇನೋ, ಅದನ್ನ ನೆನೆಸ್ಕಂಡು ಅಳಾಕತ್ತಾಳೆ ಅನ್ಕಂತಿದ್ದೆ. ಅದಕ್ಕೇ ಬರಬೇಕಾದ್ರೆ ಮಿರ್ಚಿ ಕಟ್ಟಿಸ್ಕಂಡು ಬರ್ತಿದ್ದೆ."

ಓಬಕ್ಕನಿಗೆ ಆ ಏಳು ವಾರ ಚೆನ್ನಾಗಿ ನೆನಪಿತ್ತು. ಸೆಕೆಂಡ್ ಶೋ ಮುಗಿಸಿ ಬರುವಾಗ ದಿನಾ ಕೈಯಲ್ಲಿ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ. ಮಿರ್ಚಿ ಅಂಗಡಿಯವನನ್ನು ಗಂಡ ಪುಕ್ಕಟೆ ಒಳಗೆ ಬಿಡುತ್ತಾನೆ, ಅಂಗಡಿಯವನು ಹೀಗೆ ಋಣ ತೀರಿಸುತ್ತಾನೆ ಎಂದು ತಿಳಿದು, ಒಳ್ಳೆಯ ಮಾತೊಂದನ್ನೂ ಆಡದೆ ತಿಂದು ಮಲಗುತ್ತಿದ್ದಳು. ಒಬ್ಬಳೇ ಕೂತಿದ್ದೇನೆ ಎಂದುಕೊಂಡ ಅಷ್ಟೂ ದಿನ ಅವನು ಪಿಕ್ಚರು ಬಿಟ್ಟು ತನ್ನನ್ನೇ ನೋಡಿದ್ದ. ಅವಳಿಗೆ ನಗು ಬಂತು, ಅಳುವೂ ಬಂತು. ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಗಂಡನ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ತಮ್ಮನ ಹೆಂಡ್ತಿ ಆಗಾಕಿ ಮೊದ್ಲೇ ಒಂದು ಮಾತು ಅಂದಿರ್ತಾಳೆ. ಆವಾಗ ನೀವು ರೀಲು ಸುತ್ತಾಕ ಕುಂತಿರ್ತಿದ್ರಿ, ಇವತ್ತು ಡಬ್ಬ ಸವರ್ಕಂತ ಕುಂತಿದ್ರೇನೋ" ಎಂದಳು. ಮತ್ತೆ ಮೊದಲಿನಿಂದ ಅಕ್ಕನ ಕತೆಯನ್ನು ಹೇಳತೊಡಗಿದಳು. ಟಿವಿಯಲ್ಲಿ ಶುಭಂ ಬಿತ್ತು. ಪಾಲಯ್ಯ ಅವಳ ಪಕ್ಕದಲ್ಲೇ ಕೂತು ಕೇಳುತ್ತಿದ್ದ.