ಎಡಗೈಯ ಬ್ರೇಕು

ನನ್ನ ತಮ್ಮ ದರ್ಜಿ. ಬಟ್ಟೆಗೆ ಕತ್ತರಿ ಇಡುವ ಮೊದಲು ಮೂರು ಸಲ ಅಳೆಯುವ ಈ ಮನುಷ್ಯ ಸೈಕಲ್ ಹತ್ತಿದರೆ ಮಾತ್ರ ಹಿಂದುಮುಂದು ನೋಡುವುದಿಲ್ಲ. ನೋಡದೆ ನೆಗೆಯುತ್ತಾನೆಂದು ಮನೆಯಲ್ಲಿ ಅವನಿಗೆ ಕಪ್ಪೆ ಎಂದೇ ಹೆಸರು.

"ಅಕ್ಕಾ, ಮುಂದಿನ ಚಕ್ರ ಸುಲಭವಾಗಿ ಏಳೋ ಹಾಗೆ ಮಾಡ್ಕೊಡು," ಎಂದು ತನ್ನ ಮೌಂಟನ್ ಬೈಕನ್ನು ನನ್ನ ರಿಪೇರಿ ಅಂಗಡಿಗೆ ತಂದು ನಿಲ್ಲಿಸಿದ.

ಅವನಿಗೆ ಮ್ಯಾನ್ಯುಯಲ್ ಹುಚ್ಚು. ಪೆಡಲ್ ತುಳಿಯದೆ, ಸೊಂಟ ಹಿಂದಕ್ಕೆ ಹಾಕಿ, ಮುಂದಿನ ಚಕ್ರವನ್ನು ಗಾಳಿಯಲ್ಲಿಟ್ಟು ಇಳಿಜಾರಿನಲ್ಲಿ ಹಿಂದಿನ ಚಕ್ರವೊಂದರ ಮೇಲೆ ಹೋಗುವುದು. ಸ್ವಲ್ಪ ಹೆಚ್ಚು ಎದ್ದಿತೋ, ಸವಾರ ಅಂಗಾತ. ಆಗ ಕಾಪಾಡುವುದು ಹಿಂದಿನ ಬ್ರೇಕು ಒಂದೇ. ಅದನ್ನು ಒತ್ತಿದರೆ ಮುಂದಿನ ಚಕ್ರ ನೆಲಕ್ಕೆ ಬರುತ್ತದೆ.

ಎರಡು ವರ್ಷದ ಹಿಂದೆ ಹಾಗೇ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದ. ಮೂಳೆ ಕೂಡಿತು, ಬೆರಳುಗಳು ಮಾತ್ರ ಇವತ್ತಿಗೂ ಹೇಳಿದ ಮಾತು ಕೇಳುವುದಿಲ್ಲ. ಕತ್ತರಿ ಹಿಡಿಯುವುದನ್ನು ಎಡಗೈಗೆ ಕಲಿಸಲು ಪೂರ್ತಿ ಒಂದು ವರ್ಷ ಹೆಣಗಿದ. ಅದೂ ಹೋದರೆ ಅವನ ಕಸುಬೇ ಹೋದಂತೆ.

"ಬೇಡ ಕಣೋ. ಸಾಲದಾ ಒಂದು ಕೈ ಕಳ್ಕೊಂಡಿದ್ದು?"

"ನೀನು ಮಾಡ್ಲಿಲ್ಲ ಅಂದ್ರೆ ನಾನೇ ಸ್ಪ್ಯಾನರ್ ಹಿಡೀತೀನಿ."

ಅದು ಇನ್ನೂ ಅಪಾಯ. ಬೈದುಕೊಂಡೇ ಕೆಲಸಕ್ಕೆ ಕೂತೆ. ಹ್ಯಾಂಡಲ್ ಹಿಡಿದಿಡುವ ಉದ್ದದ ಸ್ಟೆಮ್ ತೆಗೆದು ಗಿಡ್ಡದ್ದು ಹಾಕಿದೆ. ಹಳೆಯ ಹ್ಯಾಂಡಲ್ ಬದಲಿಗೆ ಎತ್ತರದ್ದು ಕೂರಿಸಿ, ಬ್ರೇಕಿನ ಹಿಡಿಗಳನ್ನು ಅದಕ್ಕೆ ವರ್ಗಾಯಿಸಿದೆ. ಸೊಂಟಕ್ಕೆ ಅಡ್ಡಬಾರದಂತೆ ಸೀಟು ಇಳಿಸಿದೆ. ಭಯಕ್ಕೆ ಒಂದೊಂದು ಬೋಲ್ಟನ್ನೂ ಮೂರು ಮೂರು ಸಲ ಬಿಗಿದು ನೋಡಿದೆ. ಚಕ್ರ ತಿರುಗಿಸಿ ಬ್ರೇಕ್ ಒತ್ತಿದೆ, ಗಕ್ಕನೆ ನಿಂತಿತು. ಅವನು ಫೋನನ್ನು ನನ್ನ ಡ್ರಾಯರಿನಲ್ಲಿ ಹಾಕಿ, ಹೆಲ್ಮೆಟ್ ತೊಟ್ಟು, ಅಂಗಡಿಯ ಹಿಂದಿನ ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋದ. ಮೇಲೆ ಮುಚ್ಚಿದ ಗೋದಾಮಿನ ಮುಂದೆ ಉದ್ದನೆಯ ಕಾಂಕ್ರೀಟ್ ಇಳಿಜಾರಿದೆ.

ಹತ್ತು ನಿಮಿಷವಾಗಿರಬೇಕು. ಶಾಲೆಯ ಟೀಚರೊಬ್ಬರು ಬ್ರೇಕ್ ಸಡಿಲವಾಗಿದೆ ಎಂದು ಸೈಕಲ್ ತಂದರು. ಹಿಂದಿನ ಚಕ್ರ ತಿರುಗಿಸಿ ಬಲಗೈ ಹಿಡಿ ಒತ್ತಿದೆ. ಒತ್ತಿದ ಕೈ ಅಲ್ಲೇ ಉಳಿಯಿತು.

ಅಂಗಡಿಗೆ ಬರುವ ಎಲ್ಲ ಸೈಕಲ್‌ಗಳಿಗೂ ಹಿಂದಿನ ಬ್ರೇಕು ಬಲಕ್ಕೆ. ತಮ್ಮನದಕ್ಕೆ ಮಾತ್ರ ಎಡಕ್ಕೆ. ಬಲಗೈ ಕೆಟ್ಟ ಮೇಲೆ ನಾನೇ ಹಾಗೆ ಹಾಕಿಕೊಟ್ಟಿದ್ದೆ. ಇವತ್ತು ನನ್ನ ಕೈ ತನ್ನ ರೂಢಿಯಂತೆ ಅದನ್ನು ಬಲಕ್ಕೆ ಹಾಕಿತ್ತು, ರೂಢಿಯಂತೆ ಬಲಕ್ಕೇ ಒತ್ತಿ ನೋಡಿ ಸರಿ ಎಂದಿತ್ತು. ಬೋಲ್ಟಿಗೆ ಹೆದರಿದವಳು ಬ್ರೇಕನ್ನೇ ಮರೆತಿದ್ದೆ.

ಅವನಿಗೆ ಫೋನ್ ಮಾಡಿದೆ. ನನ್ನ ಡ್ರಾಯರೇ ಗುಂಯ್‌ಗುಟ್ಟಿತು.

"ಏನಾಯ್ತಮ್ಮಾ?" ಎಂದು ಟೀಚರು ಕೇಳುತ್ತಿದ್ದಂತೆ ಓಡಿದೆ. ಚಪ್ಪಲಿ ಒಂದು ಏರಿನಲ್ಲೇ ಉಳಿಯಿತು. ಅವನು ಇನ್ನೂ ಮೇಲೆ ತಲುಪದೇ ಇರಲಿ, ಯಾರೋ ಸಿಕ್ಕಿ ಮಾತಿಗೆ ನಿಲ್ಲಿಸಿರಲಿ, ಚಕ್ರ ಪಂಕ್ಚರ್ ಆಗಿರಲಿ ಎಂದುಕೊಂಡೇ ಓಡಿದೆ.

ನಾನು ತಲುಪುವಷ್ಟರಲ್ಲಿ ಅವನು ಇಳಿಯಲು ಶುರುಮಾಡಿದ್ದ.

"ಬಲಗೈ! ಬಲಗೈ ಒತ್ತೋ!"

ಓಡಿ ಬಂದ ಏದುಸಿರಿನಲ್ಲಿ ನನ್ನ ಕೂಗು ಅವನಿಗೆ ಮುಟ್ಟಲಿಲ್ಲ. ಅವನು ಸೊಂಟ ಹಿಂದಕ್ಕೆ ಹಾಕಿದ. ಮುಂದಿನ ಚಕ್ರ ಹೂವಿನ ಹಾಗೆ ಎದ್ದಿತು. ಅಷ್ಟು ಸುಲಭ ಮಾಡಿಕೊಟ್ಟಿದ್ದೆ ನಾನು. ಇನ್ನೂ ಎದ್ದಿತು. ಅವನ ಎಡಗೈ ಬೆರಳು ಬಿಗಿಯುವುದು ಕಂಡಿತು. ಗಾಳಿಯಲ್ಲಿದ್ದ ಮುಂದಿನ ಚಕ್ರ ತಿರುಗುವುದು ನಿಂತಿತು, ಅಷ್ಟೇ. ಸೈಕಲ್ ಹಿಂದಕ್ಕೆ ವಾಲಿತು. ಅವನು ಎರಡೂ ಕೈ ಊರಿಕೊಂಡು ಕಾಂಕ್ರೀಟಿನ ಮೇಲೆ ಕುಕ್ಕರಿಸಿದ.

ಹತ್ತಿರ ಹೋದಾಗ ತನ್ನ ಎಡಗೈಯನ್ನೇ ನೋಡುತ್ತ ಕೂತಿದ್ದ. ಅಂಗೈ ತರಚಿತ್ತು. ಬೆರಳು ಮಡಿಸುತ್ತಿದ್ದ, ಬಿಡಿಸುತ್ತಿದ್ದ. ಐದೂ ಸರಿಯಾಗಿಯೇ ಆಡುತ್ತಿದ್ದವು. ಅವನ ಮುಖ ಮಾತ್ರ ಸುಣ್ಣದಂತೆ ಬಿಳಿಚಿತ್ತು.

"ಒತ್ತಿದೆ ಅಕ್ಕಾ. ಒತ್ತಿದೆ ಅಂತಾನೇ ಅನ್ಸ್ತು. ಏನೂ ಆಗ್ಲಿಲ್ಲ. ಇದೂ ಹೋಯ್ತು ಅಕ್ಕಾ, ಈ ಕೈಯೂ ಕೇಳ್ತಿಲ್ಲ."

ಮಣಿಕಟ್ಟು ಮುರಿದಾಗ ಆಸ್ಪತ್ರೆಯಲ್ಲಿ ಕೂಡ ಅವನು ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ. ಒಂದು ಗಳಿಗೆ, ಸುಮ್ಮನಿದ್ದು ಸಂಜೆ ಹಿಡಿಗಳನ್ನು ಬದಲಾಯಿಸಿಬಿಡು ಎಂದು ಮನಸ್ಸು ಹೇಳಿತು. ಹಾಗೆ ಯೋಚಿಸಿದ್ದಕ್ಕೆ ನನಗೇ ಹೆದರಿಕೆಯಾಯಿತು.

"ಕೈ ಸರಿಯಾಗಿದೆ ಕಣೋ. ಬ್ರೇಕ್ ನಾನು ಅದಲುಬದಲು ಹಾಕಿದ್ದೆ. ತಪ್ಪು ನಂದು."

ಅವನು ಮೊಣಕಾಲಿಗೆ ಮುಖ ಒತ್ತಿ ಅತ್ತ. ಅವನ ಬೆನ್ನ ಮೇಲೆ ಕೈ ಇಟ್ಟು ನಾನೂ ಅತ್ತೆ.

ಅಂಗಡಿಗೆ ಬಂದು ಹಿಡಿಗಳನ್ನು ಸರಿಮಾಡಿ, ಎರಡೆರಡು ಸಲ ಒತ್ತಿ ತೋರಿಸಿದೆ. "ಈಗ ಸರಿಯಾಗಿದೆ," ಎಂದೆ.

"ಹ್ಞೂಂ," ಎಂದ.

ಚಿಕ್ಕಂದಿನಿಂದ ನಾನು ಸರಿ ಎಂದ ಸೈಕಲನ್ನು ಹಾಗೇ ಹತ್ತಿ ಹೋಗುತ್ತಿದ್ದವನು, ನನ್ನ ಮುಖ ನೋಡದೆ ಬಗ್ಗಿ, ಹಿಂದಿನ ಚಕ್ರ ತಿರುಗಿಸಿ, ಎಡಗೈ ಹಿಡಿಯನ್ನು ತಾನೇ ಒತ್ತಿ ನೋಡಿದ.