ಹಾಲು ಉಕ್ಕದ ಮನೆ

ಐರ್ಲೆಂಡಿನ ಕಾರ್ಕ್ ನಗರದಲ್ಲಿ ಮಣ್ಣು ವಿಜ್ಞಾನದ ಎಂಎಸ್ಸಿಗೆ ನನಗೆ ಸೀಟು ಸಿಕ್ಕಿತ್ತು. ಜನವರಿಯಲ್ಲಿ ತರಗತಿ ಶುರು. ಡಿಸೆಂಬರ್ ಹತ್ತಾದರೂ ಅಲ್ಲಿ ಉಳಿಯಲು ಜಾಗವಿರಲಿಲ್ಲ. ಹಾಸ್ಟೆಲ್ ತುಂಬಿತ್ತು. ಬಾಡಿಗೆ ಮನೆಗಳ ಜಾಲತಾಣವೊಂದರಲ್ಲಿ ಯಶೋದಕ್ಕ ಸಿಕ್ಕಿದ್ದು ಆಗ.

"ನಾನು ಬಾಳೂರಿನವಳು ಮಾರಾಯ್ತಿ. ಮದುವೆಯಾಗಿ ಇಲ್ಲಿಗೆ ಬಂದು ಹನ್ನೆರಡು ವರ್ಷ ಆಯ್ತು. ಮಹಡಿ ಮೇಲೆ ಒಂದು ರೂಮು ಖಾಲಿ ಉಂಟು," ಎಂದರು ಮೊದಲ ವಿಡಿಯೊ ಕಾಲ್‌ನಲ್ಲೇ.

ನಮ್ಮೂರು ಕಳಸ. ಹತ್ತಿರದ ಬಾಳೂರು ಎಂದ ಮೇಲೆ ಯಾರ ಮನೆ ಎಂದು ಕೇಳದೆ ಬಿಡುವುದುಂಟೇ? ಕೇಳಿದೆ. "ಸುಬ್ಬಣ್ಣನವರ ತೋಟದ ಪಕ್ಕ," ಎಂದರು. ಸುಬ್ಬಣ್ಣ ಇಲ್ಲದ ಊರು ಈ ಸೀಮೆಯಲ್ಲೇ ಇಲ್ಲ ಎಂಬುದು ಆಗ ಹೊಳೆಯಲಿಲ್ಲ. ಮನೆಯವರಿಗೆ ತೋರಿಸಬೇಕೆಂದು ಅವರು ನನ್ನ ಪಾಸ್‌ಪೋರ್ಟಿನ ಪ್ರತಿಯನ್ನೂ, ನಾನು ಎರಡು ನಿಮಿಷ ಮಾತಾಡಿದ ಒಂದು ವಿಡಿಯೊವನ್ನೂ ಕೇಳಿದರು. ಮುಖವನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕಂತೆ. ಅಂದೇ ಕಳಿಸಿದೆ. ಮರುದಿನ ಸಂಜೆಯೊಳಗೆ ಎರಡು ತಿಂಗಳ ಅಡ್ವಾನ್ಸ್ ಬರಬೇಕು, ಇಲ್ಲವಾದರೆ ರೂಮು ಬೇರೆಯವರಿಗೆ ಹೋಗುತ್ತದೆ ಎಂದರು.

"ಅಡ್ವಾನ್ಸ್ ಕೊಡೋ ಮೊದ್ಲು ಹಾಲು ಉಕ್ಸೋದು ಬೇಡ್ವಾ?" ಎಂದಳು ಅಮ್ಮ. ಬಾಡಿಗೆ ಮನೆಯಾದರೂ ಒಲೆಯ ಮೇಲೆ ಹಾಲು ಉಕ್ಕದೆ ಅದು ವಾಸಕ್ಕೆ ಯೋಗ್ಯವಲ್ಲ ಎಂಬುದು ಅವಳ ನಂಬಿಕೆ.

"ಐರ್ಲೆಂಡಿನ ಒಲೆಗೂ ಇವಳು ಕುಂಕುಮ ಹಚ್ತಾಳೆ," ಎಂದು ಅಪ್ಪ ನಕ್ಕರು.

"ನೀವು ಕಾಫಿ ಹರಡಿ. ನಿಮ್ಮನ್ನ ಯಾರೂ ಕೇಳ್ಲಿಲ್ಲ."

ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಮರುದಿನ ಇಳಿಹೊತ್ತಿಗೆ ಅಲ್ಲಿಂದಲೇ ಯಶೋದಕ್ಕನಿಗೆ ವಿಡಿಯೊ ಕಾಲ್ ಮಾಡಿದೆ. ಅಮ್ಮ ಫೋನ್ ಕಿತ್ತುಕೊಂಡಳು.

"ನೋಡಮ್ಮಾ, ನಮ್ಮ ಮೇಘ ಬರೋದು ಇನ್ನೂ ತಡ. ಅವಳ ಹೆಸರಲ್ಲಿ ನೀವೇ ಒಂದು ಲೋಟ ಹಾಲು ಒಲೆ ಮೇಲಿಡಿ. ಉಕ್ಕೋದನ್ನ ನಾನು ನೋಡ್ತೀನಿ. ಆಮೇಲೆ ದುಡ್ಡು."

ಯಶೋದಕ್ಕ ನಕ್ಕರು. "ಖಂಡಿತ, ಅಮ್ಮ."

ಕುಳಿತಲ್ಲಿಂದ ಏಳಲಿಲ್ಲ.

"ಇಡಿ ಹಾಗಾದ್ರೆ."

"ಖಂಡಿತ, ಅಮ್ಮ."

ಅವರ ಹಿಂದೆ ಕಿಟಕಿಯ ಪರದೆ ಅಲುಗುತ್ತಿತ್ತು. ಗಾಜಿನಾಚೆ ಹಕ್ಕಿಯೊಂದರ ನೆರಳು ಹಾದುಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೊಂದು. ಲ್ಯಾಬಿನ ಅಭ್ಯಾಸದಂತೆ ಎಣಿಸತೊಡಗಿದೆ. ಹದಿನೇಳನೆಯ ಸೆಕೆಂಡಿಗೆ ಪರದೆಯ ಮೂಲೆ ಮಡಚಿಕೊಂಡಿತು, ಹಕ್ಕಿ ಹಾದುಹೋಯಿತು. ಮತ್ತೆ ಹದಿನೇಳು. ಅದೇ ಮಡಿಕೆ, ಅದೇ ಹಕ್ಕಿ. ಐದು ಸಲ ಹಕ್ಕಿ ಹಾದುಹೋದರೂ ಯಶೋದಕ್ಕನ ನಗು ಸಡಿಲವಾಗಲಿಲ್ಲ.

ಆಮೇಲೆ ತುಟಿ ಅಲುಗದೆಯೇ ಮಾತು ಬಂತು.

"ಮಗಳ ಸೀಟು ಹೋದ್ಮೇಲೆ ಅಳಬೇಡಿ, ಕೃಷ್ಣಮ್ಮ."

ಅಮ್ಮ ತನ್ನ ಹೆಸರು ಹೇಳಿರಲಿಲ್ಲ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆತಾಯಿಯ ಹೆಸರಿರುತ್ತದೆ ಎಂದು ನನಗೆ ನೆನಪಾಗುವಷ್ಟರಲ್ಲಿ ಅವಳು ಫೋನನ್ನು ಒಣಗಿದ ಕಾಫಿಯ ಮೇಲೆ ಬೋರಲು ಹಾಕಿದ್ದಳು.

ದುಡ್ಡು ಕಳಿಸಲಿಲ್ಲ. ಸೈಬರ್ ಪೊಲೀಸರಿಗೆ ದೂರು ಕೊಟ್ಟೆ. ಕಾರ್ಕ್‌ಗೆ ಹೊರಟ ಕನ್ನಡದ ವಿದ್ಯಾರ್ಥಿಗಳ ಗ್ರೂಪಿನಲ್ಲಿ ನಡೆದದ್ದನ್ನೆಲ್ಲ ಬರೆದೆ.

ನಾಲ್ಕನೆಯ ದಿನ ಅದೇ ಗ್ರೂಪಿನಲ್ಲಿ ಸಕಲೇಶಪುರದ ಮೋನಿಕಾ ಎಂಬ ಹುಡುಗಿ ಸಂತೋಷದಿಂದ ಬರೆದಿದ್ದಳು: "ರೂಮು ಸಿಕ್ತು! ಓನರ್ ಕಳಸದವರು, ನಮ್ಮ ಕಡೆಯವರೇ. ಇವತ್ತು ಅಡ್ವಾನ್ಸ್ ಹಾಕ್ತೀನಿ." ಕೆಳಗೆ ವಿಡಿಯೊ ಕಾಲ್‌ನ ಚಿತ್ರ. ಅದೇ ಕಿಟಕಿ, ಅದೇ ಪರದೆ. ಮುಂದೆ ಕುಳಿತು ನಗುತ್ತಿದ್ದವಳು ನಾನು.

ಯಶೋದಕ್ಕನ ಮುಖವೂ ಹೀಗೆಯೇ ವಿಡಿಯೊ ಕಳಿಸಿದ ಯಾವುದೋ ಹುಡುಗಿಯದಾಗಿರಬೇಕು. ಅವಳು ಈಗ ಎಲ್ಲಿದ್ದಾಳೋ.

ಕಣಕ್ಕೆ ಓಡಿ ಮೋನಿಕಾಗೆ ವಿಡಿಯೊ ಕಾಲ್ ಮಾಡಿದೆ. "ದುಡ್ಡು ಹಾಕ್ಬೇಡ ಮಾರಾಯ್ತಿ! ಆ ಮುಖ ನನ್ನದು. ಆದ್ರೆ ಮಾತಾಡ್ತಿರೋದು ನಾನಲ್ಲ. ನನಗೆ ಅಲ್ಲಿ ಮನೆಯೇ ಇಲ್ಲ."

ಅವಳು ನನ್ನನ್ನು ನೋಡಿದಳು. ನನ್ನ ಹಿಂದೆ ಕಾಫಿ ಹರಡುತ್ತಿದ್ದ ಅಪ್ಪನನ್ನು ನೋಡಿದಳು. ಮುಖದಲ್ಲಿ ಭಯ ಕಂಡಿತು. ಹೇಳಿದ್ದು ಅರ್ಥವಾಯಿತು ಎಂದುಕೊಂಡೆ.

"ಮೇಘಕ್ಕ ನಿನ್ನೆಯೇ ಹೇಳಿದ್ರು," ಎಂದಳು ಮೆಲ್ಲಗೆ. "ಗ್ರೂಪಲ್ಲಿ ನನ್ನ ಹೆಸರಲ್ಲಿ ಬರೆಯೋರು ಕಳ್ಳರು, ನನ್ನ ಮುಖ ಇಟ್ಕೊಂಡು ಕಾಲ್ ಕೂಡ ಮಾಡ್ತಾರೆ, ಹೆದರಬೇಡ ಅಂತ."

ಕಾಲ್ ಕತ್ತರಿಸಿದಳು. ಮತ್ತೆ ಮಾಡಿದೆ. ಅವಳು ಬೇರೊಬ್ಬರೊಂದಿಗೆ ಮಾತಿನಲ್ಲಿದ್ದಾಳೆ ಎಂದು ಫೋನ್ ತೋರಿಸಿತು.