ಒಂದೇ ಹಾಸಿಗೆಯ ತಂಗುಮನೆ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಸೊಸೆ ಮಾಡಿಕೊಂಡದ್ದು ಅದನ್ನೇ. ನಡುಮನೆಯ ಕಂಪ್ಯೂಟರಿನ ಮೂಲೆಯಲ್ಲಿ ಕೆಂಪು ಚುಕ್ಕೆಯೊಂದು ಬಹಳ ದಿನದಿಂದ ಕೂತು, ಅಪ್‌ಡೇಟ್ ಮಾಡಿ ಎಂದು ಗೋಗರೆಯುತ್ತಿತ್ತು. ಭಾನುವಾರ ಬೆಳಿಗ್ಗೆ, ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿದ್ದಾಗ, ಅತ್ತ ಒಂದು ಕೆಲಸವಾದರೂ ಮುಗಿಯಲಿ ಎಂದು ಒತ್ತಿಬಿಟ್ಟಳು. ಎಲ್ಲವೂ ಹೊಸದಾಯಿತು. ಅತ್ತೆಯ ಆಟವೂ.

ಅತ್ತೆ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಅವರ ದನಿಯಲ್ಲಿ ಸೀಟಿ ಉಳಿದಿತ್ತು. ಮಗ ಸತ್ತ ಮೇಲೆ ಅದು ಅಡಗಿತು. ಮಂಚ ಬಿಟ್ಟು ಏಳುತ್ತಿರಲಿಲ್ಲ, ತಲೆ ಬಾಚಿಕೊಳ್ಳುತ್ತಿರಲಿಲ್ಲ. ಸೊಸೆಗೂ ಅವರನ್ನು ಎಬ್ಬಿಸುವ ತ್ರಾಣವಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಪರರ ರಕ್ತದ ಲೆಕ್ಕ ನೋಡಿ ಬಂದವಳಿಗೆ ತನ್ನ ಚಪ್ಪಲಿ ಬಿಡುವುದೇ ದೊಡ್ಡ ಕೆಲಸ.

ಕೊನೆಗೆ ಅತ್ತೆಯನ್ನು ಎಬ್ಬಿಸಿದ್ದು ದೋಣಿಯ ಆಟ. ಮಗ ಬಾಲ್ಯದಲ್ಲಿ ಆಡಿದ್ದು. ಆ ಕಾಲದ ಆಟದ ಪೆಟ್ಟಿಗೆ ಕೆಟ್ಟುಹೋದಾಗ, ಅದರಂತೆಯೇ ನಟಿಸುವ ಎಮ್ಯುಲೇಟರ್ ಎಂಬ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿ, ತನ್ನ ಆಟವನ್ನು ಅಲ್ಲಿಗೆ ಸಾಗಿಸಿಕೊಂಡಿದ್ದ. ಅಮ್ಮನಿಗೂ ಎರಡು ಗುಂಡಿ ಕಲಿಸಿದ್ದ. ಒಂದನ್ನು ಒತ್ತಿದರೆ ಆಟ ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ಇನ್ನೊಂದನ್ನು ಒತ್ತಿದರೆ ಕರಗಿ ಅಲ್ಲಿಂದಲೇ ಮುಂದೆ ಹೋಗುತ್ತದೆ. ಅಷ್ಟು ನೆನಪಿಟ್ಟುಕೊಂಡು ಅತ್ತೆ ಹೊಸದಾಗಿ ಒಂದು ದೋಣಿ ಹೊರಡಿಸಿದ್ದರು. ಒಂದು ದ್ವೀಪದಿಂದ ಉಪ್ಪು, ಇನ್ನೊಂದರಿಂದ ಹಗ್ಗ. ಈಗೀಗ ತಲೆ ಬಾಚಿಕೊಂಡೇ ಕೂರುತ್ತಿದ್ದರು.

“ಏನೇ ಇದು? ದೋಣಿ ಎಲ್ಲಿ?”

ಪರದೆಯ ಮೇಲೆ ಒಂದೇ ಸಾಲು: ಈ ಕಡತ ಹಳೆಯ ಆವೃತ್ತಿಯದು, ತೆರೆಯಲಾಗದು.

“ಅತ್ತೆ, ನಾನು ಬೆಳಿಗ್ಗೆ ಎಲ್ಲಾ ಹೊಸದು ಮಾಡ್ಬಿಟ್ಟೆ...”

“ಯಾರು ಕೇಳಿದ್ರು ನಿನ್ನ ಹೊಸದನ್ನ? ಓಡ್ತಿರೋ ಬಸ್ಸಿನ ಗಾಲಿ ಬಿಚ್ಚೋ ಜಾತಿ ನಿಂದು.”

ಬೈದರೆ ಬೈಯಲಿ ಎಂದುಕೊಂಡಳು ಸೊಸೆ. ಆದರೆ ಅತ್ತೆ ಅಲ್ಲಿಗೇ ನಿಲ್ಲಿಸಿ, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಸೋಮವಾರ ಸಂಜೆ ಅವಳು ಕೆಲಸದಿಂದ ಬಂದಾಗಲೂ ಹಾಗೇ ಮಲಗಿದ್ದರು. ಬೆಳಿಗ್ಗೆ ಇಟ್ಟುಹೋದ ಚಹಾ ಕೆನೆ ಕಟ್ಟಿಕೊಂಡು ಕೂತಿತ್ತು. ಈ ದೋಣಿ ಮರಳದಿದ್ದರೆ ಈ ಹೆಂಗಸು ಮತ್ತೆ ಏಳುವುದಿಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಮತ್ತೊಮ್ಮೆ ಎಬ್ಬಿಸುವ ಉಪಾಯ ಅವಳ ಬಳಿ ಇರಲಿಲ್ಲ.

ಎಮ್ಯುಲೇಟರ್ ಮಾಡಿದವರ ಅಂತರ್ಜಾಲ ವೇದಿಕೆಯಲ್ಲಿ ಕೇಳಿದಳು. ಯಾರೋ ಉತ್ತರಿಸಿದರು: “ಹೆಪ್ಪುಗಟ್ಟಿಸಿದ ಆಟ ಆವೃತ್ತಿ ದಾಟುವುದಿಲ್ಲ. ಕೈಪಿಡಿಯಲ್ಲಿದೆ. ಯಾರೂ ಓದುವುದಿಲ್ಲ. ಇದಕ್ಕೆ ನನಗೆ ಸಂಬಳವಿಲ್ಲ, ನಿದ್ದೆಯೂ ಇಲ್ಲ. ಹಳೆಯ ಕೋಡ್ ಎಲ್ಲರಿಗೂ ತೆರೆದೇ ಇದೆ, ತೆಗೆದುಕೊಂಡು ನೀವೇ ಕಟ್ಟಿಕೊಳ್ಳಿ.” ಆ ಸಿಡುಕು ಅವಳಿಗೆ ಬೇಸರ ತರಲಿಲ್ಲ. ಸಾಂತ್ವನದ ಮಾತುಗಳಿಗಿಂತ ಹಿತವಾಗಿತ್ತು.

ಕಟ್ಟುವುದನ್ನು ಗಂಡನ ಹಿಂದೆ ನಿಂತು ಎಷ್ಟೋ ಸಲ ನೋಡಿದ್ದಳು. ನೋಡಿದ್ದು ಬೇರೆ, ಮಾಡುವುದು ಬೇರೆ. ಹಳೆಯ ಕೋಡನ್ನು ಅರೆದು ತಂತ್ರಾಂಶವಾಗಿಸಬೇಕಾದ ಹೊಸ ಕಂಪೈಲರ್ ಅದನ್ನು ಬಾಯಿಗೇ ಇಟ್ಟುಕೊಳ್ಳಲಿಲ್ಲ. ದೋಷಗಳನ್ನು ಪರದೆ ತುಂಬಾ ಕಾರಿತು. ಮೊದಲನೆಯದನ್ನು ಸರಿಪಡಿಸಿದರೆ ಅರ್ಧ ಮಾಯವಾದವು. ಅದು ನೆಚ್ಚಿಕೊಂಡಿದ್ದ ಸಿದ್ಧ ಕೋಡಿನ ಯಾವುದೋ ಲೈಬ್ರರಿ ತನ್ನ ಹೆಸರು ಬದಲಿಸಿಕೊಂಡಿತ್ತು. ಹಳೆಯ ಹೆಸರು ಅಳಿಸಿ ಹೊಸದು ಬರೆದಳು. ಮಂಗಳವಾರ ಅರ್ಧ ದಿನ ರಜೆ ಹಾಕಿ ಮತ್ತೆ ಕೂತಳು. ಮಧ್ಯಾಹ್ನದ ಹೊತ್ತಿಗೆ, ಕೆಳಗೆ ಯಾರೋ ಸ್ಕೂಟರಿಗೆ ಒದೆಯುತ್ತಲೇ ಇದ್ದಾಗ, ಹಳೆಯ ಎಮ್ಯುಲೇಟರ್ ಎದ್ದು ನಿಂತಿತು. ಕರಗಿಸುವ ಗುಂಡಿ ಒತ್ತಿದಳು. ನೀರು, ದೋಣಿ, ದೋಣಿಯ ತುಂಬಾ ಉಪ್ಪು.

“ಅತ್ತೆ, ಬನ್ನಿ. ಬಸ್ಸು ಬಂತು.”

ಅತ್ತೆ ತಡೆದು ತಡೆದು ಬಂದರು. ಕೂತರು. ಉಪ್ಪಿನ ಮೂಟೆಗಳನ್ನು ಕಣ್ಣಲ್ಲೇ ಎಣಿಸಿದರು.

“ಎಲ್ಲಾ ಇದೆ,” ಎಂದರು. “ನೀನು ಕದ್ದಿಲ್ಲ.”

“ಕದ್ದು ಎಲ್ಲಿ ಮಾರ್ಲಿ? ಈಗ ಒಂದು ಮಾತು ಕೇಳಿ. ಆ ಬಂದರಿನ ತಂಗುಮನೇಲಿ ಒಂದ್ಸಲ ಮಲಗಿಬಿಡಿ. ಅಲ್ಲಿ ಮಲಗಿದ್ರೆ ಆಟಾನೇ ತನ್ನೊಳಗೆ ಉಳಿಸ್ಕೊಳ್ಳತ್ತೆ. ಆಮೇಲೆ ಯಾವ ಆವೃತ್ತಿ ಬಂದ್ರೂ ತೆರೆಯತ್ತೆ. ಈ ಕಟ್ಟೋ ಕರ್ಮ ನನಗೆ ಇನ್ನೊಂದ್ಸಲ ಬೇಡ.”

“ಬೇಡ.”

“ಯಾಕೆ? ಒಂದು ಗುಂಡಿ ಅಷ್ಟೆ.”

“ಬೇಡ ಅಂದ್ನಲ್ಲ.”

“ನಿಮ್ಮ ಹಟಕ್ಕೆ ನಾನು ಎಷ್ಟು ಸಲ ರಜೆ ಹಾಕ್ಲಿ, ಅತ್ತೆ?” ಅವಳ ದನಿ ಅವಳಿಗೇ ಗೊತ್ತಿಲ್ಲದೆ ಏರಿತು.

ಅತ್ತೆ ದೋಣಿಯನ್ನು ದಡಕ್ಕೆ ತಂದರು. ತಂಗುಮನೆಯ ಬಾಗಿಲು ದೂಡಿ ಒಳಗೆ ಹೋದರು. ಇಕ್ಕಟ್ಟಾದ ಕೋಣೆ, ಒಂದೇ ಹಾಸಿಗೆ. ಹಾಸಿಗೆಯ ಮುಂದೆ ನಿಂತು ಗುಂಡಿ ಒತ್ತಿದರು. ಆಟ ಕೇಳಿತು: ಇಲ್ಲಿ ಈಗಾಗಲೇ ಒಬ್ಬ ನಾವಿಕ ಮಲಗಿದ್ದಾನೆ. ಅವನನ್ನು ಎಬ್ಬಿಸಿ ನೀವು ಮಲಗುವಿರಾ? ಕೆಳಗೆ ಆ ನಾವಿಕನ ಹೆಸರು. ಸೊಸೆಯ ಗಂಡನನ್ನು ಈ ಮನೆಯಲ್ಲಿ ಮಾತ್ರ ಕರೆಯುತ್ತಿದ್ದ ಮುದ್ದಿನ ಹೆಸರು ಅದು, ಕಾಗುಣಿತ ಬಾರದ ಹುಡುಗ ಬರೆದಂತೆ.

“ಇರೋದೇ ಒಂದು ಹಾಸಿಗೆ,” ಎಂದರು ಅತ್ತೆ. “ನಾನು ಮಲಗಿದ್ರೆ ಅವನು ಏಳ್ಬೇಕಂತೆ.”

ಕೆಳಗಿನ ಸ್ಕೂಟರ್ ಕಡೆಗೂ ಹೊತ್ತಿಕೊಂಡು ಹೊರಟುಹೋಯಿತು.

ಸೊಸೆ ಪಕ್ಕದ ಕುರ್ಚಿಯಲ್ಲಿ ಕೂತಳು. ಉಪಾಯ ಸುಲಭವಿತ್ತು. ಅತ್ತೆ ಮಲಗಿದರೆ ಅಳಿಸಿಹೋಗುವ ಮಗನ ಆಟ ಉಳಿದಿದ್ದದ್ದು ಒಂದು ಚಿಕ್ಕ ಕಡತದಲ್ಲಿ. ಅದರ ಪ್ರತಿ ತೆಗೆದು ಬೇರೆ ಕಡೆ ಇಟ್ಟರೆ ಮುಗಿಯಿತು.

“ನಾನು ಅವರದನ್ನ ಕಾಪಿ ಮಾಡಿ ಇಡ್ತೀನಿ ಅತ್ತೆ. ಹತ್ತು ಬೇಕಾದ್ರೂ ಮಾಡ್ತೀನಿ. ಎಲ್ಲಾ ಒಂದೇ ಥರ, ಕೂದಲೆಳೆ ವ್ಯತ್ಯಾಸ ಇರಲ್ಲ. ಆಮೇಲೆ ನೀವು ಧೈರ್ಯವಾಗಿ ಮಲಗಿ.”

“ಮಾಡು.”

ಮಾಡಿದಳು. ತೆರೆದು ತೋರಿಸಿದಳು. ಮತ್ತೆ ಅದೇ ಕೋಣೆ, ಅದೇ ಪ್ರಶ್ನೆ. ಅತ್ತೆಯ ಬೆರಳು ಗುಂಡಿಯ ಮೇಲೆ ಹೋಗಿ ಕೂತಿತು. ವರ್ಷಾನುಗಟ್ಟಲೆ ಟಿಕೆಟ್ ಹರಿದ ಬೆರಳು, ತುದಿ ಇನ್ನೂ ಒರಟು. ಅದು ಅಲುಗಲಿಲ್ಲ.

“ಪ್ರತಿ ಇದೆ ಅಂತ ನಿನಗೆ ಗೊತ್ತು,” ಎಂದರು ಅತ್ತೆ, ಬೆರಳನ್ನು ಹಿಂದೆ ತೆಗೆಯುತ್ತ. “ನನಗೂ ಗೊತ್ತು. ಈ ಕೈಗೆ ಗೊತ್ತಿಲ್ಲ ಕಣೆ.”

ಬೀರುವಿನಲ್ಲಿ ಸೊಸೆ ಇನ್ನೂ ಇಸ್ತ್ರಿ ಮಾಡಿಟ್ಟಿದ್ದ ಗಂಡನ ಅಂಗಿಗಳನ್ನು ಯಾರಿಗಾದರೂ ಕೊಡು ಎಂದು ತವರಿನವರು ಹೇಳಿದ್ದರು. ಅವಳ ಕೈಗೂ ಎಷ್ಟೋ ವಿಷಯ ಗೊತ್ತಿರಲಿಲ್ಲ.

“ಆಯ್ತು. ಬಿಡಿ,” ಎಂದಳು.

“ಮತ್ತೆ ಹಾಳಾದ್ರೆ?”

“ಮತ್ತೆ ಕಟ್ತೀನಿ.”

“ಬೈಕೊಂಡೇ ಕಟ್ತೀಯ.”

“ಬೈಕೊಂಡೇ. ನೀವೇನು ಕಡಿಮೆ ಬೈದ್ರಾ?”

ಅತ್ತೆ ತಂಗುಮನೆಯಿಂದ ಹೊರಬಂದು ಬಾಗಿಲು ಎಳೆದುಕೊಂಡರು. ಹೆಪ್ಪುಗಟ್ಟಿಸುವ ಗುಂಡಿಯನ್ನು ಒಮ್ಮೆ ಒತ್ತಿದರು. ನಂಬಿಕೆಯಾಗದೆ ಇನ್ನೊಮ್ಮೆ ಒತ್ತಿದರು. ಆಮೇಲೆ ಹಗ್ಗದ ದ್ವೀಪದ ಕಡೆ ದೋಣಿ ತಿರುಗಿಸಿ, “ಗಾಳಿ ಎದುರು ಬೀಸ್ತಿದೆ, ಹಾಳಾದ್ದು,” ಎಂದು ಗೊಣಗಿದರು. ದನಿಯಲ್ಲಿ ಸೀಟಿಯ ಸುಳಿವಿತ್ತು.

ಸೊಸೆ ಚಹಾಕ್ಕೆ ನೀರಿಟ್ಟು, ಗೋಡೆಗೆ ಒರಗಿ ಅದು ಕುದಿಯುವುದನ್ನೇ ಕಾದಳು.